ಪಾಪ ಅಂದವರಿಗೆ ಒಂದು ಗರಿ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಒಳ್ಳೆಯ ಜಾಗ ತೆಂಗಿನಕಾಯಿಗೆ ಸಿಕ್ಕಿತ್ತು. ನಾವೆಲ್ಲ ಕೆಳಗೆ ಚಾಪೆ ಹಾಸಿಕೊಂಡು ಸಾಲಾಗಿ ಮಲಗುತ್ತಿದ್ದೆವು. ಕಾಯಿಗಳು ಮಾತ್ರ ನಮ್ಮ ತಲೆಯ ಮೇಲೆ, ನಡುಮನೆಯ ಅಗಲಕ್ಕೂ ಹಬ್ಬಿದ್ದ ಅಟ್ಟದಲ್ಲಿ, ಮಳೆ ಬಿಸಿಲಿನ ಕಾಟವಿಲ್ಲದೆ, ಅಡುಗೆಮನೆಯಿಂದ ಬರುವ ಹೊಗೆಯಲ್ಲಿ ಬೆಚ್ಚಗೆ ಮಲಗಿರುತ್ತಿದ್ದವು. ಬೇರೆ ಸೀಮೆಯವರು ಕಾಯಿ ಕಿತ್ತ ಕೂಡಲೇ ಸುಲಿದು ಮಾರುತ್ತಾರೆ, ಇಲ್ಲವೆ ಒಡೆದು ಬಿಸಿಲಿಗೆ ಹರವುತ್ತಾರೆ. ತಿಪಟೂರು ಕಡೆಯ ನಮಗೆ ಅದು ಕಾಯಿಗೆ ಮಾಡುವ ಅವಮಾನ. ಸಿಪ್ಪೆ ಸುಲಿಯದೆ, ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ, ಹೆಚ್ಚುಕಡಿಮೆ ಒಂದು ವರ್ಷ ಕತ್ತಲಲ್ಲಿ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ತಾನಾಗಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುವ ತನಕ ಸುಮ್ಮನಿರುವುದು ನಮ್ಮ ಪದ್ಧತಿ. ಅವಸರ ಮಾಡಿದವನನ್ನು ನಮ್ಮ ಬಿಳಿಗೆರೆಯ ಸುತ್ತಮುತ್ತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ನಾನು ಹುಟ್ಟಿ ಬೆಳೆದದ್ದೇ ತಾಳ್ಮೆಯಿಂದ ಅನ್ನ ಉಣ್ಣುವ ಮನೆಯಲ್ಲಿ. ತಾಳ್ಮೆಯ ಸರದಿ ನನಗೇ ಬಂದಾಗ ಮಾತ್ರ ಅದು ಕಾಯಿಯ ಕೆಲಸ, ನನ್ನದಲ್ಲ ಎಂದು ಜಗಳಕ್ಕೆ ನಿಂತೆ.

ಕಾಯಿ ಮಾತಾಡುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಅಟ್ಟಕ್ಕೆ ಏರಿಸುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಎನ್ನುತ್ತದೆ. ತಿಂಗಳು ಕಳೆದಂತೆ ಆ ಸದ್ದು ಸಣ್ಣಗಾಗುತ್ತಾ ಬಂದು ಒಂದು ದಿನ ನಿಂತೇ ಹೋಗುತ್ತದೆ. ಹೊಸಬರು ಮೋಸ ಹೋಗುವುದು ಆಗಲೇ. ನೀರು ಇಂಗಿತು, ಕೊಬ್ಬರಿ ಆಯಿತು ಎಂದುಕೊಂಡು ಒಡೆಯುತ್ತಾರೆ. ತಿರುಳು ಇನ್ನೂ ಚಿಪ್ಪಿಗೆ ಕಚ್ಚಿಕೊಂಡಿರುತ್ತದೆ. ಚೂರುಚೂರಾಗಿ ಕಿತ್ತು ಬರುತ್ತದೆ, ಅತ್ತ ಸಾರಿಗೆ ಅರೆಯುವ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಆ ಮೌನದ ಆಚೆಗೆ ಇನ್ನಷ್ಟು ದಿನ ಬಿಟ್ಟರೆ ತಿರುಳು ಬಿಡಿಯಾಗುತ್ತದೆ. ಆಗ ಅಲ್ಲಾಡಿಸಿದರೆ ಒಳಗೆ ಉಂಡೆ ಲೊಟಲೊಟ ಎಂದು ಉರುಳುತ್ತದೆ. ಆ ಸದ್ದು ಕೇಳಿದ ಮೇಲೆಯೇ ಅಟ್ಟಕ್ಕೆ ಏಣಿ ಇಡಬೇಕು. ಇದು ಅವ್ವನ ಕಾನೂನು. ಅವಳ ಕಾನೂನುಗಳು ಇನ್ನೂ ಬೇಕಾದಷ್ಟಿದ್ದವು.

ನನಗೆ ಆಗ ಒಂಬತ್ತು ವರ್ಷ. ಬಲಗಾಲು ಕುಂಟತೊಡಗಿತ್ತು. ಮೊದಲು ಮುಳ್ಳು ಚುಚ್ಚಿರಬೇಕು ಎಂದರು, ಆಮೇಲೆ ಉಳುಕು ಎಂದು ಎಣ್ಣೆ ನೀವಿದರು, ಕೊನೆಗೆ ಸ್ಕೂಲಿಗೆ ಹೋಗದಿರಲು ನಾಟಕ ಎಂದು ಚಿಕ್ಕಪ್ಪ ತೀರ್ಪು ಕೊಟ್ಟ. ನಾಟಕವಲ್ಲವೆಂದು ತುಮಕೂರಿನ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ಅಪ್ಪನಿಗೆ ತೋರಿಸಿದರು. ಸೊಂಟದ ಕೀಲಿನಲ್ಲಿ ಮೂಳೆಗೆ ರಕ್ತ ಹೋಗುವುದು ನಿಂತು ಅದು ಮೆತ್ತಗಾಗಿದೆ, ಎಳೆಯ ವಯಸ್ಸಾದ್ದರಿಂದ ತಾನಾಗಿ ಗಟ್ಟಿಯಾಗುತ್ತದೆ, ಆದರೆ ಅಲ್ಲಿಯವರೆಗೆ ಕಾಲನ್ನು ನೆಲಕ್ಕೆ ಊರಲೇಕೂಡದು. ಊರಿದರೆ ಮೂಳೆ ಚಪ್ಪಟೆಯಾಗಿ ಜನ್ಮವೆಲ್ಲ ಕುಂಟಬೇಕು. ಎಷ್ಟು ದಿನ ಎಂದು ಅಪ್ಪ ಕೇಳಿದ. ಒಂದು ವರ್ಷ ಅಂದುಕೊಳ್ಳಿ ಎಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಪ್ಪ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ. ಮೃದು ಮನುಷ್ಯ. ಹಸು ಈಯುವಾಗಲೂ ಕೊಟ್ಟಿಗೆಯಿಂದ ಹೊರಗೆ ಬಂದು ನಿಲ್ಲುವವನು.

ಮನೆಗೆ ಬಂದಾಗ ಹೊಸ ಕಾಯಿ ಅಟ್ಟಕ್ಕೆ ಏರುತ್ತಿತ್ತು. ಏಣಿಯ ಬುಡದಲ್ಲಿ ನಿಂತು ಅವ್ವ ಒಂದೊಂದೇ ಕಾಯಿ ಎಸೆಯುವುದು, ಮೇಲೆ ಚಿಕ್ಕಪ್ಪ ಹಿಡಿದು ಪೇರಿಸುವುದು. ಅಪ್ಪ ನನ್ನನ್ನು ಹೆಗಲ ಮೇಲಿಂದ ಇಳಿಸದೆಯೇ ಎಲ್ಲವನ್ನೂ ಹೇಳಿದ. ಹೇಳುತ್ತಾ ಕಣ್ಣು ಒರೆಸಿಕೊಂಡ. ಅವ್ವ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಡದೆ ಕೇಳಿಸಿಕೊಂಡಳು, ನನ್ನನ್ನು ನೋಡಿದಳು, ಅಟ್ಟವನ್ನು ನೋಡಿದಳು.

“ಆಯ್ತು ಬುಡಿ. ಇವತ್ತು ಏರಿದ್ ಕಾಯಿ ಇಳಿಯೋ ಹೊತ್ಗೆ ಇವ್ಳೂ ಇಳೀತಾಳೆ. ಅದ್ಕೆ ಬಸ್ಸಲ್ಲಿ ಅತ್ಕಂಡ್ ಬರ್ಬೇಕಿತ್ತಾ ನೀವು?”

ಎಂದು ಕೈಯಲ್ಲಿದ್ದ ಕಾಯಿಯನ್ನು ಮೇಲಕ್ಕೆ ಎಸೆದಳು. ಅಷ್ಟೇ. ಒಂದು ವರ್ಷವೆನ್ನುವುದು ಆ ಕ್ಷಣಕ್ಕೆ ನನಗೆ ತಲೆಯ ಮೇಲೆ ಕಾಣುವ ವಸ್ತುವಾಯಿತು.

ಮಂಚ ಎಲ್ಲಿ ಹಾಕಬೇಕೆಂಬುದಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ನಡೆಯಿತು. ಹಿಂದಿನ ಕೋಣೆ ತಣ್ಣಗಿದೆ, ಗಲಾಟೆಯಿಲ್ಲ, ಮಗು ನೆಮ್ಮದಿಯಾಗಿ ಇರುತ್ತದೆ ಎಂದು ಅಪ್ಪನ ವಾದ. ಕಾಯಿಲೆಯವರನ್ನು ಹೋಗಿ ಬರುವವರ ಕಣ್ಣಿಗೆ ಬೀಳದಂತೆ ಇಡುವುದು ಒಳ್ಳೆಯದೆಂದು ಚಿಕ್ಕಪ್ಪನೂ ದನಿಗೂಡಿಸಿದ. ಅವ್ವ ಇಬ್ಬರ ಮಾತನ್ನೂ ಮುಗಿಯುವ ತನಕ ಕೇಳಿ, ತಾನೇ ಮಂಚದ ಒಂದು ಕೊನೆ ಹಿಡಿದು ದರದರ ಎಳೆದು ತಂದು ನಡುಮನೆಯ ನಟ್ಟನಡುವೆ, ಅಟ್ಟದ ಕೆಳಗೆ ನಿಲ್ಲಿಸಿದಳು.

“ಕ್ವಾಣೆಗೆ ಹಾಕಿದ್ರೆ ದಿನಕ್ಕೆ ಒಂದ್ಸಲ ನೆಪ್ಪಾಗ್ತಾಳೆ. ಇಲ್ಲಿದ್ರೆ ಎಡವ್ದಾಗೆಲ್ಲ ನೆಪ್ಪಾಗ್ತಾಳೆ. ಎಡವ್ರಿ!”

ನಿಜಕ್ಕೂ ಎಡವಿದರು. ಅಡುಗೆಮನೆಗೆ ಹೋಗುವವರು, ಕೊಟ್ಟಿಗೆಗೆ ಹೋಗುವವರು, ದೇವರ ಗೂಡಿಗೆ ದೀಪ ಹಚ್ಚುವವರು ಎಲ್ಲರೂ ನನ್ನ ಮಂಚ ಸುತ್ತಿಕೊಂಡೇ ಹೋಗಬೇಕಿತ್ತು. ಅಡುಗೆಮನೆಯಲ್ಲಿ ನಡೆಯುತ್ತಿದ್ದ ಊಟವೂ ನಡುಮನೆಗೆ ಬಂತು. ಮಂಚದ ಸುತ್ತ ತಟ್ಟೆಗಳು. ಅವ್ವ ಬಿಸಿ ಮುದ್ದೆಯನ್ನು ಮೊದಲು ನನ್ನ ತಟ್ಟೆಗೆ ಹಾಕಿ ಅವರೆಕಾಳಿನ ಸಾರು ಬಿಡುವಳು. ಮಲಗಿಕೊಂಡು ಮುದ್ದೆ ನುಂಗುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಮೂರು ದಿಂಬು ಬೆನ್ನಿಗೆ ಕೊಟ್ಟು ಅರ್ಧ ಕೂರಿಸುತ್ತಿದ್ದರು. ಬಲಗಾಲಿಗೆ ಬಟ್ಟೆಯ ಪಟ್ಟಿ ಸುತ್ತಿ, ಅದಕ್ಕೆ ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ ಮರಳಿನ ಚೀಲ ತೂಗುಬಿಟ್ಟಿದ್ದರು. ನಮ್ಮ ಬೆಕ್ಕಿಗೆ ಆ ಚೀಲದ ಮೇಲೆ ಬಹಳ ಪ್ರೀತಿ.

ಈಚೆಗೆ ಲೋಕವೆಲ್ಲ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿದ್ದ ಕಾಲದಲ್ಲಿ ನನ್ನ ಫೋನಿಗೆ ದಿನವೂ ಬೆಳಿಗ್ಗೆ ಸೂರ್ಯ ಹುಟ್ಟುವ ಚಿತ್ರ ಬರುತ್ತಿತ್ತು. ಅದರ ಮೇಲೆ ‘ಧೈರ್ಯವಾಗಿರಿ, ಸಂತೋಷವಾಗಿರಿ’ ಎಂಬ ಬರಹ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ನನಗೆ ನಗು ಬರುತ್ತಿತ್ತು. ನಾನು ಮಂಚ ಹಿಡಿದ ಆ ಇಡೀ ವರ್ಷದಲ್ಲಿ ಅವ್ವ ಒಂದೇ ಒಂದು ಸಲವೂ ನನಗೆ ಧೈರ್ಯವಾಗಿರು ಎಂದು ಹೇಳಿದವಳಲ್ಲ. ಬೆಳಿಗ್ಗೆ ಎದ್ದರೆ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: “ಜಡೆ ಬಿಚ್ಚೇ.” ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ, ಕಣ್ಣು ಮೇಲಕ್ಕೆ ಹೋಗುವ ಹಾಗೆ ಬಿಗಿಯಾಗಿ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುವಳು. ಆಮೇಲೆ ಸ್ಕೂಲಿನ ಯೂನಿಫಾರಂ. ಹೌದು, ಎಲ್ಲಿಗೂ ಹೋಗದ ನನಗೆ ದಿನವೂ ಯೂನಿಫಾರಂ. ರಾತ್ರಿಯ ಬಟ್ಟೆಯಲ್ಲಿ ಹಗಲು ಕಳೆಯಕೂಡದು ಎಂಬುದು ಅವ್ವನ ಎರಡನೇ ಕಾನೂನು. ಯಾಕೆ ಎಂದು ಕೇಳಿದರೆ, “ಸ್ಕೂಲು ಬಿಟ್ಟಿಲ್ಲ ಕಣೇ ನೀನು, ತಡವಾಗೈತೆ ಅಷ್ಟೆ” ಎನ್ನುವಳು.

ಇನ್ನು ಮೂರನೇ ಕಾನೂನು. ಈ ಅಧ್ಯಾಯ ಬರೆಯಲು ಕೂತದ್ದೇ ಅದಕ್ಕಾಗಿ.

ಸುದ್ದಿ ತಿಳಿದ ಮೇಲೆ ಊರಿನವರು ನೋಡಲು ಬರತೊಡಗಿದರು. ಮೊದಲು ಬಂದವಳು ಪಕ್ಕದ ಮನೆಯ ತಿಮ್ಮಕ್ಕ. ಮನಸ್ಸು ಬೆಣ್ಣೆ, ಆದರೆ ಬಾಯಿ ತೆರೆದರೆ ಸಾವಿನ ಮನೆಗೆ ಬಂದವಳ ಹಾಗೆ. ಬಾಗಿಲಲ್ಲೇ ನಿಂತು ಸೆರಗು ಬಾಯಿಗಿಟ್ಟುಕೊಂಡಳು.

“ಅಯ್ಯೋ ಪಾಪ! ಜಿಂಕೆ ಮರಿ ಹಂಗೆ ಓಡಾಡ್ಕಂಡಿತ್ತಲ್ಲೇ. ಅಯ್ಯೋ ಪಾಪ, ಇನ್ ಇದ್ಕೆ ಮದ್ವೆ ಆದಂಗೇ ಬುಡು. ಪಾಪ, ಪಾಪ.”

ಒಂದು ಗಂಟೆ ಕೂತು ಪಾಪ ಎಂದು ಹೋದಳು. ಅವಳು ಹೋದ ಮೇಲೆ ನಾನು ಅತ್ತ ಅಳು ಕಾಲು ನೋಯುವಾಗಲೂ ಅತ್ತಿರಲಿಲ್ಲ. ಅಲ್ಲಿಯವರೆಗೆ ನನಗೆ ಕಾಲು ನೋವಿತ್ತು, ಅಷ್ಟೆ. ತಿಮ್ಮಕ್ಕ ಬಂದು ಹೋದ ಮೇಲೆ ನಾನು ಪಾಪದವಳಾಗಿದ್ದೆ. ಅವ್ವ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಾರನೆಯ ದಿನ ತೋಟದಿಂದ ಬಿದ್ದ ತೆಂಗಿನ ಗರಿಗಳನ್ನು ಎಳೆಸಿ ತಂದು ಬಾಗಿಲ ಒಳಗೆ, ಗೋಡೆಯ ಪಕ್ಕ ರಾಶಿ ಹಾಕಿಸಿದಳು. ಸಂಜೆ ತಿಮ್ಮಕ್ಕ ಮತ್ತೆ ಬಂದಳು, ಬಾಗಿಲಲ್ಲಿ ನಿಂತಳು, “ಅಯ್ಯೋ ಪಾ...” ಎಂದಳು. ಅವ್ವ ಒಂದು ಇಡೀ ಗರಿ ಎಳೆದು ಅವಳ ಮುಂದೆ ಹಾಕಿ ಕೈಗೆ ಚಾಕು ಕೊಟ್ಟಳು.

“ತಿಮ್ಮಕ್ಕಾ, ನಮ್ಮನೇಲಿ ಹೊಸ ರೂಲು. ಪಾಪ ಅಂದೋರು ಒಂದ್ ಗರಿ ಸೀಳಿ ಕಡ್ಡಿ ತೆಗ್ದು ಹೋಗ್ಬೇಕು. ಕುಂತ್ಕ.”

“ಇದೇನೇ ಇದು! ಮಗೀಗೆ ಹಿಂಗಾಗೈತೆ ಅಂತ ಹೊಟ್ಟೆ ಉರ್ಕಂಡು ಬಂದ್ರೆ...”

“ಹೊಟ್ಟೆ ಉರೀಲಿ, ಕೈ ಆಡ್ಲಿ. ಕುಂತ್ಕ ಬುಡು.”

ಗರಿ ಸೀಳುವುದೆಂದರೆ ಏನೆಂದು ತೆಂಗಿನ ಸೀಮೆಯವರಿಗೆ ಗೊತ್ತು. ಒಂದೊಂದು ಎಲೆಯನ್ನೂ ದಿಂಡಿನಿಂದ ಕಿತ್ತು, ಚಾಕುವಿನಿಂದ ಎರಡೂ ಕಡೆ ಹೆರೆದು, ಪೊರಕೆಗೆ ಬೇಕಾದ ನಡುವಿನ ಕಡ್ಡಿಯನ್ನು ಬಿಡಿಸಬೇಕು. ಒಂದು ಗರಿ ಮುಗಿಯುವಷ್ಟರಲ್ಲಿ ಮನುಷ್ಯನ ಮರುಕವೆಲ್ಲ ಮುಗಿದು ಊರ ಸುದ್ದಿ ಶುರುವಾಗಿರುತ್ತದೆ. ತಿಮ್ಮಕ್ಕನದೂ ಹಾಗೇ ಆಯಿತು. ಅರ್ಧ ಗರಿಯ ಹೊತ್ತಿಗೆ ಯಾರದೋ ಮೇಕೆ ಯಾರದೋ ಹುರುಳಿ ಹೊಲಕ್ಕೆ ನುಗ್ಗಿದ್ದು, ಅದಕ್ಕೆ ನಡೆದ ಬೈದಾಟ ಎಲ್ಲವನ್ನೂ ಅವಳು ಎರಡೂ ಕಡೆಯವರ ದನಿ ತೆಗೆದು ಹೇಳುತ್ತಿದ್ದಳು. ನಾನು ಮರಳಿನ ಚೀಲ ಅಲ್ಲಾಡುವ ಹಾಗೆ ನಗುತ್ತಿದ್ದೆ.

ಕಾನೂನು ಎಲ್ಲರಿಗೂ ಒಂದೇ ಆಗಿತ್ತು. ಸ್ಕೂಲಿನ ಮೇಷ್ಟ್ರು ಬಂದು “ಛೆ ಛೆ, ಪಾಪ, ಚುರುಕು ಹುಡುಗಿ” ಎಂದು ಬಾಯಿ ತಪ್ಪಿದರು. ಬಿಳಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಗರಿ ಸೀಳುತ್ತಲೇ ನನಗೆ ಭಿನ್ನರಾಶಿ ಹೇಳಿಕೊಟ್ಟರು. ಅಲ್ಲಿಂದ ಮುಂದೆ ಅವರು ವಾರಕ್ಕೊಮ್ಮೆ ಪಾಠಕ್ಕೆ ಬರುತ್ತಿದ್ದದ್ದು ನನ್ನ ಭಾಗ್ಯ. ಬಾಗಿಲು ದಾಟುವಾಗ ಮಾತ್ರ ಬಾಯಿ ಬಿಗಿಹಿಡಿದು ದಾಟುತ್ತಿದ್ದರು. ತಿಪಟೂರಿನ ಟೈಲರ್ ಕರೀಂ ಸಾಬರನ್ನು ಅವ್ವ ಮನೆಗೇ ಕರೆಸಿದ್ದಳು, ಪಟ್ಟಿ ಕಟ್ಟಿದ ಕಾಲಿಗೆ ಯೂನಿಫಾರಂ ಲಂಗ ಹಾಕುವುದು ಆಗುತ್ತಿರಲಿಲ್ಲವೆಂದು. ಅವರೂ ಟೇಪು ಬಿಚ್ಚುತ್ತಾ ಪಾಪ ಎಂದುಬಿಟ್ಟರು. ಕಾನೂನು ಕೇಳಿ ಗಡ್ಡ ನೀವಿಕೊಂಡು ನಕ್ಕರು.

“ಅಮ್ಮಾರೆ, ನಾನು ಕತ್ರಿ ಹಿಡಿಯೋನು, ಚಾಕು ನಂಗೆ ಬರಲ್ಲ.”

“ಕಲ್ತ್ಕಳಿ ಸಾಬ್ರೇ. ಈ ವಯಸ್ಸಲ್ಲಿ ಒಂದ್ ಹೊಸಾ ಕೆಲ್ಸ ಬಂದ್ರೆ ಒಳ್ಳೇದೇ ಅಲ್ವಾ?”

ಕಲಿತರು. ತೆಗೆದ ಕಡ್ಡಿಯನ್ನು ಸೇರಿಸಿ ಅವರೇ ಕಟ್ಟಿದ ಪೊರಕೆ ಬುಡದಲ್ಲಿ ಕಾಲರ್ ಹೊಲಿದ ಹಾಗೆ ನೀಟಾಗಿತ್ತು. ಲಂಗಕ್ಕೆ ಬಲಗಡೆ ಸೊಂಟದಿಂದ ಅಂಚಿನವರೆಗೆ ಸೀಳಿಟ್ಟು, ಉದ್ದಕ್ಕೂ ಲಾಡಿ ಹೊಲಿದು ತಂದುಕೊಟ್ಟರು. ಮಲಗಿದ್ದಲ್ಲೇ ಸುತ್ತಿ ಕಟ್ಟಿಕೊಳ್ಳಬಹುದಿತ್ತು. ಹೋಗುವಾಗ ನನಗೆ ಮಾತ್ರ ಕೇಳುವ ಹಾಗೆ, “ಈ ಸೀಳು ಇದ್ಯಲ್ಲ ಬೇಟಿ, ಇದನ್ನ ಮುಚ್ಚಿ ಹೊಲಿಯೋಕೆ ನಾನೇ ಬತ್ತೀನಿ” ಎಂದರು.

ಎಲ್ಲರಿಗಿಂತ ಹೆಚ್ಚು ಗರಿ ಸೀಳಿದವನು ಅಪ್ಪ. ಅವನಿಗೆ ಪಾಪ ಎನ್ನದೆ ನನ್ನನ್ನು ನೋಡಲು ಬರುತ್ತಿರಲಿಲ್ಲ. ಬಾಯಿ ಬಿಗಿಹಿಡಿದರೆ ಕಣ್ಣು ಪಾಪ ಎನ್ನುತ್ತಿತ್ತು, ಅವ್ವ ಅದಕ್ಕೂ ಅರ್ಧ ಗರಿ ಹಾಕುತ್ತಿದ್ದಳು. ಕೊನೆಗೆ ಅವನು ಕೊಟ್ಟಿಗೆಗೆ ಹೋಗಿ ಹಸುವಿನ ಕಿವಿಯಲ್ಲಿ ಪಾಪ ಎಂದು ಬರುತ್ತಾನೆಂದು ಚಿಕ್ಕಪ್ಪ ಚಾಡಿ ಹೇಳಿದ.

ಹೀಗೆ ಸೀಳಿದ ಕಡ್ಡಿಗಳನ್ನು ಒಪ್ಪ ಮಾಡಿ, ಉದ್ದ ಗಿಡ್ಡ ಬೇರೆ ಮಾಡಿ, ತೆಂಗಿನ ನಾರಿನ ಹುರಿಯಿಂದ ಬಿಗಿದು ಪೊರಕೆ ಕಟ್ಟುವುದು ನನ್ನ ಕೆಲಸವಾಯಿತು. ಮೊದಲ ಪೊರಕೆ ಒಂದೇ ಏಟಿಗೆ ಬಿಚ್ಚಿಕೊಂಡಿತು. ಅವ್ವ ಸಮಾಧಾನ ಹೇಳಲಿಲ್ಲ, ಇನ್ನೊಂದು ಹಿಡಿ ಕಡ್ಡಿ ತಂದು ಮಡಿಲಿಗೆ ಸುರಿದಳು. ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಬೆರಳಿಗೆ ಬಿಗಿ ಸಿಕ್ಕಿತ್ತು. ಪೊರಕೆಗಳು ಮೊದಲು ತಿಮ್ಮಕ್ಕನ ಮನೆಗೆ, ಆಮೇಲೆ ಎದುರು ಮನೆಗೆ, ಆಮೇಲೆ ಬೀದಿಗೆ, ಸ್ಕೂಲಿಗೆ ಹೋದವು. ಕೇಳಿದವರಿಗೆಲ್ಲ ಅವ್ವ ಸುಮ್ಮನೆ ಕೊಟ್ಟಳು. ಒಂದು ಬೆಳಿಗ್ಗೆ ಎಚ್ಚರವಾಗಿ ಅಟ್ಟ ನೋಡುತ್ತಾ ಮಲಗಿದ್ದೆ. ಹೊರಗೆ ಒಬ್ಬರಾದ ಮೇಲೆ ಒಬ್ಬರು ಅಂಗಳ ಗುಡಿಸುವ ಸದ್ದು, ಸರ್ ಸರ್ ಎಂದು, ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಅವೆಲ್ಲ ನನ್ನ ಪೊರಕೆಗಳು! ನಾನು ಮಂಚ ಬಿಟ್ಟು ಇಳಿದಿರಲಿಲ್ಲ, ಆದರೂ ಊರಿನ ಒಂದು ಬೀದಿ ನನ್ನ ಕೈಯಿಂದ ಚೊಕ್ಕಟವಾಗುತ್ತಿತ್ತು. ಆ ಹೆಮ್ಮೆ ಈಗಲೂ ಎದೆಯಲ್ಲಿ ಹಾಗೇ ಇದೆ. ಆಮೇಲೆ ನನಗೆ ಸಿಕ್ಕ ಯಾವ ಹಾರ ತುರಾಯಿಯೂ ಆ ಸದ್ದಿಗೆ ಸಮವಾಗಲಿಲ್ಲ.

ಎಲ್ಲ ದಿನವೂ ಹೀಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಗೌರಿ ಹಬ್ಬದ ದಿನ ನನ್ನ ಓರಗೆಯವರು ಹೊಸ ಲಂಗ ತೊಟ್ಟು ಬೀದಿಯಲ್ಲಿ ಕೂಗಾಡುವುದು ಕೇಳಿ ಲೋಟ ಎತ್ತಿ ಗೋಡೆಗೆ ಎಸೆದಿದ್ದೆ. ಅವ್ವ ಸೊಟ್ಟಗಾದ ಲೋಟವನ್ನು ಹೆಕ್ಕಿ ತಂದು, ಅದರಲ್ಲೇ ಹಾಲು ತುಂಬಿ ಕೊಟ್ಟಳು. ಬಹಳ ದಿನ ನಾನು ಆ ಸೊಟ್ಟ ಲೋಟದಲ್ಲೇ ಕುಡಿಯಬೇಕಾಯಿತು. ಅಂಥ ದಿನಗಳಲ್ಲಿ ಚಿಕ್ಕಪ್ಪನಿಂದ ಅಟ್ಟದ ಒಂದು ಕಾಯಿ ತೆಗೆಸಿ ನನ್ನ ಕೈಗೆ ಕೊಡುವಳು. “ಏನಂತೈತೆ ಕೇಳು.” ಅಲ್ಲಾಡಿಸುತ್ತಿದ್ದೆ. ಮೊದಮೊದಲು ಗುಳುಗುಳು. ದೀಪಾವಳಿ ಕಳೆದ ಮೇಲೆ ಸಣ್ಣಗೆ. ಸಂಕ್ರಾಂತಿ ದಾಟಿದ ಮೇಲೆ ಕೆಲವು ಕಾಯಿ ಮಾತೇ ಆಡಲಿಲ್ಲ.

ಆ ಹೊತ್ತಿಗೆ ನನ್ನ ಕಾಲಿನ ನೋವೂ ಹೋಗಿತ್ತು. ಪೂರ್ತಿ ಹೋಗಿತ್ತು. ರಾತ್ರಿ ಮಗ್ಗುಲಾದರೂ ಚುಚ್ಚುತ್ತಿರಲಿಲ್ಲ. ಇನ್ನೇನು ಮುಗಿಯಿತು ಎಂದುಕೊಂಡೆ, ಮನೆಯವರೂ ಅಂದುಕೊಂಡರು. ಅಟ್ಟದಲ್ಲೂ ಅಲ್ಲೊಂದು ಇಲ್ಲೊಂದು ಲೊಟಲೊಟ ಶುರುವಾಗಿತ್ತು. ತುಮಕೂರಿಗೆ ಹೋಗುವ ದಿನ ನಾನು ಚಪ್ಪಲಿಯನ್ನು ಚೀಲಕ್ಕೆ ಹಾಕಿಸಿಕೊಂಡೆ, ಬರುವಾಗ ಮೆಟ್ಟಿಕೊಂಡು ಬರಬೇಕೆಂದು. ಡಾಕ್ಟರು ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ನೋವು ಹೋದ ಮಾತ್ರಕ್ಕೆ ಮೂಳೆ ಗಟ್ಟಿಯಾಯಿತು ಎಂದಲ್ಲ, ಇನ್ನೂ ಅರ್ಧ ತುಂಬಬೇಕು, ಮಳೆಗಾಲ ಹಿಡಿಯುವ ತನಕ ಮಲಗಿರಲಿ ಎಂದರು. ಚಪ್ಪಲಿ ಚೀಲದಲ್ಲೇ ವಾಪಸು ಬಂತು.

ಮನೆಗೆ ಬಂದು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದೆ. ಬೆಳಿಗ್ಗೆ ಜಡೆ ಬಿಚ್ಚೇ ಎಂದಳು ಅವ್ವ. ಬಿಚ್ಚಲಿಲ್ಲ. ಯೂನಿಫಾರಂ ಬೇಡ ಎಂದೆ. ಮೇಷ್ಟ್ರು ಬಂದರೆ ಕಣ್ಣು ಮುಚ್ಚಿ ಮಲಗಿದೆ. ಕಡ್ಡಿ ತಂದು ಸುರಿದರೆ ಕೆಳಗೆ ತಳ್ಳಿದೆ. ಅಪ್ಪ ನನ್ನ ತಲೆ ಸವರುತ್ತಾ ಗಟ್ಟಿಯಾಗಿಯೇ “ಪಾಪ ಕಣೇ ನೀನು, ಪಾಪ” ಎಂದ. ಅವ್ವ ಅಲ್ಲೇ ಇದ್ದಳು. ಗರಿ ಕೇಳಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಕಾನೂನು ಮಾಡಿದವಳೇ ಸುಮ್ಮನಾದಳೆಂದರೆ ನಾನು ಏಳುವುದಿಲ್ಲ ಎಂದು ಅವಳಿಗೂ ಅನ್ನಿಸಿರಬೇಕು.

ಅದೇ ವಾರ ಕಾಯಿ ಇಳಿಸಿದರು. ಪೇಟೆಯಿಂದ ಲಾರಿ ಬರುವುದಿತ್ತು, ತಡ ಮಾಡುವ ಹಾಗಿರಲಿಲ್ಲ. ಚಿಕ್ಕಪ್ಪ ಅಟ್ಟದಿಂದ ಎಸೆಯುವುದು, ಅಪ್ಪ ಹಿಡಿದು ನನ್ನ ಮಂಚದ ಪಕ್ಕ ರಾಶಿ ಹಾಕುವುದು. ನನ್ನ ಜೊತೆಯಲ್ಲೇ ಇಳಿಯಬೇಕಿದ್ದ ಕಾಯಿಗಳು ನನ್ನನ್ನು ಬಿಟ್ಟು ಇಳಿಯುತ್ತಿದ್ದವು. ನೋಡಬಾರದೆಂದು ಗೋಡೆಗೇ ಮುಖ ಕೊಟ್ಟಿದ್ದೆ. ಆದರೆ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ. ಕಾಯಿ ಬಿದ್ದಾಗಲೆಲ್ಲ ಒಳಗಿನ ಉಂಡೆ ಲೊಟ್ ಎನ್ನುತ್ತಿತ್ತು. ಲೊಟ್, ಲೊಟ್, ಲೊಟ್. ಆಮೇಲೆ ಹಿಂದಿನ ಮೂಲೆಯ ಕಾಯಿಗಳು ಬರತೊಡಗಿದವು. ಒಂದು ಬಿತ್ತು, ಸದ್ದಿಲ್ಲ. ಇನ್ನೊಂದು ಬಿತ್ತು, ಸದ್ದಿಲ್ಲ. ಆ ಮೂಲೆಗೆ ಹೊಗೆ ಸರಿಯಾಗಿ ಹೋಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಲಾರಿಯ ಅವಸರದಲ್ಲಿ ಚಿಕ್ಕಪ್ಪ ಇಳಿದು ಬಂದು, ಅಂಥ ಒಂದನ್ನು ಸುಲಿದು ಚಿಪ್ಪಿಗೆ ಏಟು ಹಾಕಿದ. ತಿರುಳು ಚೂರಾಗಿ ಬಂತು. “ಥತ್” ಎಂದು ಇನ್ನೊಂದಕ್ಕೆ ಕೈ ಹಾಕಿದ. ನಾನು ಗೋಡೆಯಿಂದ ಈಚೆಗೆ ತಿರುಗಿದ್ದೇ ನನಗೆ ತಿಳಿಯಲಿಲ್ಲ.

“ಚಿಕ್ಕಪ್ಪಾ, ಒಡೀಬ್ಯಾಡ! ಅದಿನ್ನೂ ಆಗಿಲ್ಲ!”

“ನೀರು ಇಂಗೈತೆ ಕಣೇ. ನೋಡು, ಸದ್ದೇ ಇಲ್ಲ.”

“ಸದ್ದಿಲ್ಲ ಅಂದ್ರೆ ಆಗಿಲ್ಲ ಅಂತ! ನೀರು ಹೋದ್ರೆ ಆಗೋಯ್ತಾ? ಇನ್ನೂ ಚಿಪ್ಪು ಬುಟ್ಟಿಲ್ಲ ಅದು. ಮತ್ತೆ ಮೇಲಕ್ಕೆ ಹಾಕು. ಬುಟ್ರೆ ಆಗ್ತೈತೆ. ಈಗ ಒಡುದ್ರೆ ಯಾವ್ದುಕ್ಕೂ ಬರಲ್ಲ!”

ಚಿಕ್ಕಪ್ಪನ ಕೈ ಮೇಲೆತ್ತಿದಲ್ಲೇ ನಿಂತಿತ್ತು. ಅವ್ವ ಏಣಿಯ ಹತ್ತಿರದಿಂದ ನನ್ನನ್ನು ನೋಡುತ್ತಿದ್ದಳು. ಅವಳು ಹೇಳಬೇಕಾದ್ದನ್ನೆಲ್ಲ ನಾನೇ ಕಿರುಚಿಬಿಟ್ಟಿದ್ದೆ. ನನ್ನ ಮಾತು ನನಗೇ ನಿಧಾನವಾಗಿ ಕೇಳಿಸಿತು. ನೋವು ಹೋಗಿತ್ತು, ಆದರೆ ಮೂಳೆ ಆಗಿರಲಿಲ್ಲ. ಅಷ್ಟೇ ತಾನೇ? ಯಾರೂ ಆ ಕಾಯಿಗಳನ್ನು ತಿಪ್ಪೆಗೆ ಎಸೆಯುವುದಿಲ್ಲ. ಮತ್ತೆ ಅಟ್ಟಕ್ಕೆ ಹಾಕುತ್ತಾರೆ. ಅವು ತಡವಾಗಿ, ಆದರೆ ಆಗಿಯೇ ಇಳಿಯುತ್ತವೆ.

ಉಳಿದ ರಾಶಿಯನ್ನೆಲ್ಲ ನಾನೇ ಅಲ್ಲಾಡಿಸಿ ಬೇರೆ ಮಾಡಿಕೊಟ್ಟೆ. ಲೊಟಲೊಟ ಎಂದವು ಎಡಕ್ಕೆ, ಮೂಕ ಕಾಯಿಗಳು ಬಲಕ್ಕೆ. ನಾನು ಎಡಕ್ಕೆ ಹಾಕಿದ ಒಂದೂ ಚೂರಾಗಲಿಲ್ಲ. ಒಡೆದಷ್ಟೂ ದುಂಡಗೆ, ಇಡಿಯಾಗಿ ಉರುಳಿ ಬಂದವು. ನಮ್ಮ ಮನೆಯಲ್ಲಿ ಮೊದಲ ಕೊಬ್ಬರಿ ದೇವರ ಗೂಡಿಗೆ, ಎರಡನೆಯದು ಬೆಲ್ಲದ ಜೊತೆ ಎಲ್ಲರ ಬಾಯಿಗೆ. ಆ ಸಲ ಎರಡನೆಯದನ್ನು ಚಿಕ್ಕಪ್ಪ ನನ್ನ ಕೈಗೇ ಇಡಿಯಾಗಿ ಕೊಟ್ಟ. “ತಗಳ್ರಪ್ಪ ನಮ್ಮನೆ ಡಾಕ್ಟ್ರು” ಎಂದ. ಮೂಕ ಕಾಯಿಗಳು ಮತ್ತೆ ಅಟ್ಟಕ್ಕೆ ಏರಿದವು. ಅವು ಏರುವುದನ್ನು ನೋಡುತ್ತಾ ನಾನು ಅವ್ವನನ್ನು ಕರೆದೆ.

“ಅವ್ವಾ, ಜಡೆ ಹಾಕು. ಯೂನಿಫಾರಂ ಎಲ್ಲಿಟ್ಟಿದ್ದೀಯ?”

ಆಮೇಲಿನ ತಿಂಗಳುಗಳನ್ನು ನಾನು ಕಳೆಯಲಿಲ್ಲ, ಗೆದ್ದೆ. ಪೊರಕೆ ಪಕ್ಕದ ಊರಿಗೂ ಹೋಯಿತು. ಮೇಷ್ಟ್ರ ಭಿನ್ನರಾಶಿ ಮುಗಿದು ಬಡ್ಡಿ ಲೆಕ್ಕ ಬಂತು, ಅದನ್ನೂ ಮುಗಿಸಿದೆ. ಬೇಸಿಗೆ ರಜದಲ್ಲಿ ಹುಡುಗಿಯರೆಲ್ಲ ನನ್ನ ಮಂಚದ ಸುತ್ತಲೇ ಚೌಕಾಬಾರ ಆಡಿದರು. ಹೊರಗೆ ಹೋಗುವಂತೆ ಗದರಿದರೂ ಹೋಗಲಿಲ್ಲ. ನಾನು ದಿನವೂ ಬೆಳಿಗ್ಗೆ ಬೀದಿಯ ಸರ್ ಸರ್ ಸದ್ದಿಗೆ ಎದ್ದು, ಅಟ್ಟದ ಕಡೆ ಒಮ್ಮೆ ನೋಡಿ, ಇನ್ನೂ ಆಗಿಲ್ಲ, ಆಗುತ್ತೆ ಎಂದುಕೊಳ್ಳುತ್ತಿದ್ದೆ. ಅದು ಪ್ರಾರ್ಥನೆಯ ಹಾಗಿರಲಿಲ್ಲ. ಕೊಬ್ಬರಿಯವರು ಕೊಬ್ಬರಿಯ ಬಗ್ಗೆ ಆಡುವ ಮಾಮೂಲಿ ಮಾತಿನ ಹಾಗಿತ್ತು.

ಮೊದಲ ಮಳೆ ಬಂದ ಮೇಲೆ ಡಾಕ್ಟರು ಎಕ್ಸ್‌ರೇ ಹಿಡಿದು ನಕ್ಕರು. ಅಪ್ಪ ಆಸ್ಪತ್ರೆಯ ಕಾರಿಡಾರಿನಲ್ಲೇ ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡ. ಕರೀಂ ಸಾಬರು ಮಾತಿನಂತೆ ಮನೆಗೆ ಬಂದು ಲಂಗದ ಸೀಳನ್ನು ಮುಚ್ಚಿ ಹೊಲಿದುಕೊಟ್ಟರು. ಸ್ಕೂಲು ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ನಡೆಸಿ ನೋಡೋಣ ಎಂದು ನಿಶ್ಚಯವಾಯಿತು. ಮಂಚದಿಂದ ಬಾಗಿಲ ಹೊಸ್ತಿಲವರೆಗೆ. ಸುದ್ದಿ ಹೇಗೋ ಹಬ್ಬಿ ತಿಮ್ಮಕ್ಕ ಬಂದಳು, ಮೇಷ್ಟ್ರು ಬಂದರು, ಕರೀಂ ಸಾಬರು ಹೊರಟಿದ್ದವರು ನಿಂತರು. ಎರಡು ಜಡೆ, ರಿಬ್ಬನ್, ಸೀಳಿಲ್ಲದ ಲಂಗ. ಅವ್ವ ಹೊಸ್ತಿಲ ಆಚೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಅಪ್ಪ ಕಂಕುಳಿಗೆ ಕೈ ಕೊಟ್ಟು ಇಳಿಸಿದ. ನೆಲ ತಣ್ಣಗಿತ್ತು. ನೆಲ ಇಷ್ಟು ತಣ್ಣಗಿರುತ್ತದೆಂಬುದನ್ನೇ ನಾನು ಮರೆತಿದ್ದೆ.

“ಬುಡಪ್ಪ, ಬುಡು” ಎಂದೆ. ಅಪ್ಪ ಬಿಟ್ಟ.

ಒಂದು ಹೆಜ್ಜೆ ಇಟ್ಟೆ. ಇನ್ನೊಂದು ಇಟ್ಟೆ. ಕಾಲು ಸೊರಗಿ ಕೋಲಾಗಿತ್ತು, ಮೊಣಕಾಲಿಗೆ ತನ್ನ ಕೆಲಸವೇ ಮರೆತಿತ್ತು. ನಡುಮನೆಯ ಅರ್ಧಕ್ಕೆ ಬಂದಾಗ ಅದು ಥಟ್ಟನೆ ಮಡಚಿತು. ಬೀಳುವವಳು ಕಂಬವನ್ನು ತಬ್ಬಿಕೊಂಡೆ. ಆಗ ಹೊಸ್ತಿಲ ಆಚೆಯಿಂದ ಒಂದು ದನಿ ಬಂತು. ಆ ದನಿ ಹಾಗೆ ಒಡೆಯಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ.

“ಅಯ್ಯೋ... ಪಾಪ ಕಣ್ರೀ ನನ್ ಮಗ್ಳು!”

ಎಲ್ಲರೂ ತಿರುಗಿ ಅವ್ವನನ್ನು ನೋಡಿದರು. ಅವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಮುಚ್ಚಿದ ಕೈಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅಷ್ಟೂ ತಿಂಗಳು ತಾನೊಬ್ಬಳೇ ಎಲ್ಲೂ ಆಡದೆ ಇಟ್ಟುಕೊಂಡಿದ್ದ ಮಾತು ಅದು. ನನಗೆ ಎದೆ ತುಂಬಿ ಬಂತು, ಅದರ ಹಿಂದೆಯೇ ಕಿಡಿಗೇಡಿತನವೂ ಬಂತು. ಕಂಬ ಬಿಟ್ಟೆ. ಹೊಸ್ತಿಲ ಕಡೆ ಹೋಗಲಿಲ್ಲ. ಗೋಡೆಯ ಪಕ್ಕ ಗರಿ ರಾಶಿಯಿತ್ತಲ್ಲ, ಅತ್ತ ತಿರುಗಿದೆ. ಒಂದು ಹೆಜ್ಜೆ, ಉಸಿರು, ಇನ್ನೊಂದು ಹೆಜ್ಜೆ. ಹೋಗಿ ಮೇಲಿನ ಗರಿಯ ದಿಂಡು ಹಿಡಿದು ಎಳೆದೆ. ನನಗಿಂತ ಉದ್ದದ ಗರಿ. ಅಪ್ಪ ಓಡಿ ಬಂದ, ಬೇಡ ಎಂದೆ. ಅದನ್ನು ನೆಲದ ಮೇಲೆ ಬರಬರ ಎಳೆದುಕೊಂಡು ಹೋಗಿ, ಹೊಸ್ತಿಲು ದಾಟಿ, ಅವ್ವನ ಕಾಲ ಬುಡದಲ್ಲಿ ಹಾಕಿದೆ.

“ತಗ ಅವ್ವ. ರೂಲು ಅಂದ್ರೆ ರೂಲು.”

ಮೊದಲು ನಕ್ಕವಳು ತಿಮ್ಮಕ್ಕ. ಆಮೇಲೆ ಇಡೀ ಜಗಲಿ ನಕ್ಕಿತು. ಅವ್ವ ಅಳುತ್ತಾ ನಗುತ್ತಾ ಅಲ್ಲೇ ಕುಸಿದು ಕೂತು, “ಚಾಕು ತತ್ತಾ ಮತ್ತೆ” ಎಂದಳು. ಕೊಟ್ಟೆ. ಒಂದು ಎಲೆಯನ್ನೂ ಬಿಡದೆ, ದಿಂಡಿನ ಬುಡದಿಂದ ತುದಿಯವರೆಗೆ, ಇಡೀ ಗರಿ ಸೀಳಿದಳು. ಸಾಕು ಬಾ ಕೂತ್ಕ, ಕಾಲು ನೋಯ್ತದೆ ಎಂದು ಎಲ್ಲರೂ ನನ್ನನ್ನು ಕರೆದರು. ಜಗಲಿಯ ಕಂಬ ಹಿಡಿದೇ ನಿಂತಿದ್ದೆ. ಅವ್ವ ಕೊನೆಯ ಕಡ್ಡಿ ತೆಗೆಯುವ ತನಕ ನಾನು ಕೂರಲಿಲ್ಲ.